ಗಾಯಕ್ಕೆ ಪರಿಹಾರ ಕೇಳುವದು ಕ್ರೈಸ್ತನಿಗೆ ತಕ್ಕದ್ದೋ?



ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯ ಸಭೆಗಳಲ್ಲಿ ನಾವು ಸಂಚರಿಸುವಾಗ ಒಂದು ಪ್ರಶ್ನೆಯು ಮರಳಿ ಮರಳಿ ನಮ್ಮ ಮುಂದೆ ಇಡಲ್ಪಡುತ್ತದೆ. ಅದೇನಂದರೆ: ಸೈಕಲ್ಲಿನ ಮೇಲೆ ಹೋಗುತ್ತಿದ್ದ ಒಬ್ಬ ವಿಶ್ವಾಸಿಯನ್ನು ಮೋಟಾರು ವಾಹನವು ಬಡಿದು ಕೆಡವಿ ಅವನ ಕೈಕಾಲು ಮುರಿದರೆ, ಅವನು ನ್ಯಾಯಸ್ಥಾನಕ್ಕೆ ಹೋಗಿ ಪರಿಹಾರಧನವನ್ನು ಕೇಳಬಹುದೋ? ಇಲ್ಲವೆ ಎಲ್ಲವನ್ನೂ ಕ್ಷಮಿಸಿ ಸುಮ್ಮನೆ ಮನೆಯಲ್ಲಿ ಮಲಗಿರುವದೇ ಕ್ರಿಸ್ತನ ಶಿಷ್ಯನಿಗೆ ತಕ್ಕದ್ದೋ? ಕೆಲವರು, ಕೇಳುವದೇ ಪಾಪವೆನ್ನುತ್ತಾರೆ. ಬೇರೆ ಕೆಲವರು, ಎಷ್ಟು ಸಿಕ್ಕುವದೋ ಅಷ್ಟನ್ನೂ ಹೇಗಾದರೂ ಕಿತ್ತುಕೊಳ್ಳಬೇಕೆನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಯಾವದೂ ದೇವರ ವಾಕ್ಯಕ್ಕೆ ಸರಿಬೀಳುವದಿಲ್ಲವೆಂದು ನಮಗೆ ತೋರುತ್ತದೆ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸೋಣ.

ನಮ್ಮ ಸೀಮೆಯ ದಾರಿಗಳನ್ನು ನೀವು ಬಲ್ಲಿರಿ. ಮೈಸೂರಿನಿಂದ ಬೇಗೂರಿನ ಮೇಲೆ ಬರುವ ಹೆದ್ದಾರಿಯು ಗುಂಡ್ಲುಪೇಟೆಯಲ್ಲಿ ಒಡೆದು, ಒಂದು ವಯನಾಡಿನ ಕಡೆಗೂ ಇನ್ನೊಂದು ಬಂಡೀಪುರದ ಮೇಲೆ ಉದಕಮಂಡಲದ ಕಡೆಗೂ ಹೋಗುತ್ತದೆ. ಪೂರ್ವದಿಂದ ಚಾಮರಾಜನಗರದ ರಸ್ತೆಯು ತೆರಕಣಾಂಬಿಯನ್ನು ಹಾದು ಅದೇ ಪಟ್ಟಣಕ್ಕೆ ಬಂದು ಸೇರುತ್ತದೆ. ೨೦೦೯ನೆಯ ಇಸವಿಯಿಂದ ಬಂಡೀಪುರದ ಕಾಡಿನೊಳಗೆ ರಾತ್ರಿ ಒಂಭತ್ತರಿಂದ ಬೆಳಿಗ್ಗೆ ಆರರ ವರೆಗೆ ವಾಹನಸಂಚಾರವು ನಿಷೇಧಿಸಲ್ಪಟ್ಟಿದೆ. ಕಾಡುಮೃಗಗಳಿಗೆ ಅದು ಒಳ್ಳೇದೇ. ಆದರೆ ಗೇಟು ಮುಚ್ಚುವ ಮುಂಚೆ ಕಾಡನ್ನು ದಾಟಬೇಕೆಂಬ ಆತುರದಿಂದ ಸಂಜೆಯ ಹೊತ್ತಿನಲ್ಲಿ ಧಾವಿಸುವ ವಾಹನಗಳು ಕಡಿಮೆಯಲ್ಲ. ಅದೇ ಹೊತ್ತಿಗೆ ಅರಿಶಿನದ ಹೊಲದಿಂದಲೂ ಚೆಂಡುಹೂವಿನ ತೋಟದಿಂದಲೂ ಕೂಲಿಯವರು ಮನೆಗೆ ತಿರುಗುವರು. ಮೋಟಾರು ಬೈಕು ಬಂದ ಮೇಲೂ ನಮ್ಮ ಬಡವರಲ್ಲಿ ಅನೇಕರಿಗೆ ಹಳೇ ಸೈಕಲ್ಲೇ ವಾಹನವು. ಹಿಂದಿನ ಕ್ಯಾರಿಯರಿನಲ್ಲಿ ಹುಲ್ಲಿನ ಹೊರೆ, ಹ್ಯಾಂಡಲಿಗೆ ತೂಗುಹಾಕಿದ ಬುತ್ತಿ. ದೀಪವಂತೂ ಇಲ್ಲವೇ ಇಲ್ಲ.

ಹೀಗಿರಲಾಗಿ, ೨೦೨೨ನೆಯ ಇಸವಿಯ ಮಳೆಗಾಲದಲ್ಲಿ ನಮ್ಮ ಸಭೆಯ ಒಬ್ಬ ಸಹೋದರನಿಗೆ ನಡೆದದ್ದನ್ನು ಹೇಳುತ್ತೇವೆ. ಅವನ ಹೆಸರು ಇಲ್ಲಿ ಬೇಡ. ಅವನು ಮಧ್ಯವಯಸ್ಸಿನ ಕೂಲಿಯವನು; ಹೆಂಡತಿ, ಇಬ್ಬರು ಮಕ್ಕಳು, ಮುದುಕಿಯಾದ ತಾಯಿ ಇವರೆಲ್ಲರೂ ಅವನ ತೋಳನ್ನೇ ನಂಬಿದವರು. ಮಬ್ಬುಗತ್ತಲೆಯಲ್ಲಿ ಅವನು ತೆರಕಣಾಂಬಿಯ ರಸ್ತೆಯಲ್ಲಿ ಬರುತ್ತಿರುವಾಗ ಹಿಂದಿನಿಂದ ಒಂದು ಕಾರು ಬಡಿಯಿತು. ತೊಡೆಯ ಎಲುಬು ಎರಡಾಯಿತು. ಗುಂಡ್ಲುಪೇಟೆಯಲ್ಲಿ ಕಟ್ಟುಕಟ್ಟಿ ಮೈಸೂರಿಗೆ ಸಾಗಿಸಿದರು. ಅಲ್ಲಿ ಶಸ್ತ್ರಕ್ರಿಯೆ ಮಾಡಿ ಎಲುಬಿನೊಳಗೆ ಲೋಹದ ಸಲಾಕಿಯನ್ನಿಟ್ಟರು.

ಆ ಕಾರಿನ ಯಜಮಾನನು ಅನ್ಯನಲ್ಲ. ನೆರೆಯೂರಿನ ಸಭೆಗೆ ಸೇರಿದ ವಿಶ್ವಾಸಿ. ಮೂರನೆಯ ದಿನ ಅವನ ಅಣ್ಣನು ಹದಿನೈದು ಸಾವಿರ ರೂಪಾಯಿಗಳನ್ನು ತೆಗೆದುಕೊಂಡು ಬಂದು, ಗಾಯಪಟ್ಟವನ ಹೆಂಡತಿಗೆ, “ತಂಗೀ, ನಾವಿಬ್ಬರೂ ಒಂದೇ ರೊಟ್ಟಿಯಲ್ಲಿ ಪಾಲುಗಾರರು. ಠಾಣೆ, ಕೋರ್ಟು ಅಂತ ಹೋದರೆ ಊರವರು ನಕ್ಕಾರು. ಇದನ್ನು ಇಟ್ಟುಕೊಂಡು ದೇವರಿಗೆ ಬಿಟ್ಟುಬಿಡು” ಎಂದನು. ಆಕೆಯು ನಮ್ಮ ಮುಖವನ್ನು ನೋಡಿದಳು. ನಾವು ಏನು ಹೇಳಿದೆವು? ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಆರನೆಯ ಅಧ್ಯಾಯವನ್ನು ನೆನಸಿ, ಸಮಾಧಾನವೇ ಒಳ್ಳೇದು, ತೆಗೆದುಕೋ ತಾಯಿ, ಎಂದೆವು. ಠಾಣೆಯಲ್ಲಿ ದೂರು ದಾಖಲಾಗಲಿಲ್ಲ. ಅಂದು ರಾತ್ರಿ ಒಳ್ಳೇ ಕೆಲಸಮಾಡಿದೆವೆಂದು ನಾವು ನಿಶ್ಚಿಂತೆಯಾಗಿ ಮಲಗಿದೆವು.

ಆ ಹದಿನೈದು ಸಾವಿರವು ಔಷಧಕ್ಕೂ ಬಾಡಿಗೆ ಗಾಡಿಗೂ ಒಂದು ತಿಂಗಳೊಳಗೆ ತೀರಿತು. ಕಾಲು ಒಂದಂಗುಲ ಗಿಡ್ಡವಾಗಿ ಕೂಡಿಕೊಂಡಿತು. ಇನ್ನು ಮೇಲೆ ಹೊರೆ ಹೊರಲಾರನು, ಕೂತು ಕಳೆ ಕೀಳಲಾರನು ಎಂದು ವೈದ್ಯರು ಹೇಳಿದರು. ದೊಡ್ಡ ಮಗಳು ಶಾಲೆಯನ್ನು ಬಿಟ್ಟು ತಾಯಿಯ ಸಂಗಡ ಹೂ ಬಿಡಿಸುವದಕ್ಕೆ ಹೋಗತೊಡಗಿದಳು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಆ ಹುಡುಗಿಯ ಬೆರಳುಗಳಲ್ಲಿ ಹೂವಿನ ಕಲೆಯನ್ನು ಕಂಡಾಗ ನಮ್ಮ ಮನಸ್ಸಾಕ್ಷಿಯು ನಮ್ಮನ್ನು ಚುಚ್ಚಿತು. ನಾವು ಸಮಾಧಾನವೆಂದು ಹೇಳಿದ್ದು ಯಾರ ಖರ್ಚಿನಲ್ಲಿ? ನಮ್ಮ ಖರ್ಚಿನಲ್ಲಿ ಅಲ್ಲ, ಕಾರಿನ ಯಜಮಾನನ ಖರ್ಚಿನಲ್ಲಿಯೂ ಅಲ್ಲ. ಆ ಮಗುವಿನ ಖರ್ಚಿನಲ್ಲಿ. ಅಪಘಾತವು ನಡೆದು ನಾಲ್ವತ್ತು ದಿನಗಳಾದ ಮೇಲೆ ನಾವೇ ಅವನನ್ನು ಕರಕೊಂಡು ಠಾಣೆಗೆ ಹೋದೆವು. ಆ ನಾಲ್ವತ್ತು ದಿನಗಳ ತಡವು ಮುಂದೆ ವಿಮೆಯ ಕಂಪೆನಿಯ ವಕೀಲರ ಬಾಯಲ್ಲಿ ಎಷ್ಟು ದೊಡ್ಡದಾಯಿತೆಂಬದನ್ನು ನಾವು ಕಿವಿಯಾರೆ ಕೇಳಿದೆವು. ತಪ್ಪು ನಮ್ಮದು. ಇತರ ಉಪದೇಶಿಗಳು ಅದೇ ತಪ್ಪನ್ನು ಮಾಡಬಾರದೆಂದೇ ಇದನ್ನು ಬರೆಯುತ್ತೇವೆ.

ಈಗ ಸಾಮಾನ್ಯವಾಗಿ ಹೇಳಲ್ಪಡುವ ಮೂರು ಆಕ್ಷೇಪಣೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಆಕ್ಷೇಪಣೆಯು: ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ತಿರುಗಿಸಬೇಕೆಂದು ಕರ್ತನು ಆಜ್ಞಾಪಿಸಿದ್ದಾನಲ್ಲಾ (ಮತ್ತಾಯ ೫:೩೯) ಎಂಬದು. ಹೌದು, ಆಜ್ಞಾಪಿಸಿದ್ದಾನೆ, ಅದನ್ನು ಹಗುರಮಾಡುವದಕ್ಕೆ ನಮಗೆ ಅಧಿಕಾರವಿಲ್ಲ. ಆದರೆ ಕೆನ್ನೆಯ ಪೆಟ್ಟು ಎಂಥದೆಂದು ಯೋಚಿಸಿರಿ. ಅದು ಅವಮಾನವು; ಅದರಿಂದ ನಮ್ಮ ಗರ್ವ ಮುರಿಯುವದು, ಎಲುಬು ಮುರಿಯುವದಿಲ್ಲ. ಅದರ ನಷ್ಟವನ್ನು ಹೊಡಿಸಿಕೊಂಡವನೇ ಹೊರುವನು. ನಮಗೆ ಸೇರಿದ್ದನ್ನು ನಾವು ಬಿಟ್ಟುಕೊಡುವದು ತ್ಯಾಗವು. ಆದರೆ ನಮ್ಮ ಮಕ್ಕಳ ಅನ್ನವನ್ನು ನಾವು ಬಿಟ್ಟುಕೊಟ್ಟು ಅದಕ್ಕೆ ತ್ಯಾಗವೆಂಬ ಹೆಸರಿಡಬಹುದೋ? ಮುರಿದ ತೊಡೆಯು ಒಬ್ಬನದು, ಹಸಿವು ಐವರದು. ಸ್ವಂತ ಮನೆಯವರನ್ನು ಸಂರಕ್ಷಿಸದವನ ವಿಷಯವಾಗಿ ಪೌಲನು ತಿಮೊಥೆಯನಿಗೆ ಎಷ್ಟು ಕಠಿಣವಾಗಿ ಬರೆದಿದ್ದಾನೆಂಬದನ್ನು ಓದಿ ನೋಡಿರಿ (೧ ತಿಮೊಥೆಯ ೫:೮).

ಇದಲ್ಲದೆ ಗಾಯಕ್ಕೆ ಪರಿಹಾರವೆಂಬದು ಮನುಷ್ಯರ ಆಶೆಯಿಂದ ಹುಟ್ಟಿದ್ದಲ್ಲ. ದೇವರು ತನ್ನ ಜನರಿಗೆ ಕೊಟ್ಟ ಧರ್ಮಶಾಸ್ತ್ರದಲ್ಲಿಯೇ ಇದೆ. ಒಬ್ಬನು ಇನ್ನೊಬ್ಬನನ್ನು ಹೊಡೆದು ಹಾಸಿಗೆ ಹಿಡಿಸಿ, ಅವನು ಸಾಯದೆ ಎದ್ದು ಕೋಲೂರಿಕೊಂಡು ನಡೆಯುವಂತಾದರೆ, ಹೊಡೆದವನು ಮರಣದಂಡನೆಗೆ ಗುರಿಯಲ್ಲ. ಆದರೆ ಕೆಲಸಬಿಟ್ಟ ದಿನಗಳ ನಷ್ಟವನ್ನು ಕೊಟ್ಟು ಪೂರ್ತಿಯಾಗಿ ವಾಸಿಮಾಡಿಸಬೇಕೆಂದು ಅಲ್ಲಿ ನೇಮಿಸಲ್ಪಟ್ಟಿದೆ (ವಿಮೋಚನಕಾಂಡ ೨೧:೧೮, ೧೯). ತೋಡಿದ ಗುಂಡಿಯನ್ನು ಮುಚ್ಚದೆ ಬಿಟ್ಟದ್ದರಿಂದ ನೆರೆಯವನ ಎತ್ತು ಬಿದ್ದು ಸತ್ತರೆ ಗುಂಡಿಯವನು ಬೆಲೆ ಕೊಡಬೇಕು (೨೧:೩೩, ೩೪). ಇವನಿಗೆ ದ್ವೇಷವಿತ್ತೋ ಎಂದು ಅಲ್ಲಿ ಕೇಳಲ್ಪಡುವದಿಲ್ಲ, ಅಜಾಗ್ರತೆಯೇ ಸಾಕು. ಕಾರನ್ನು ಓಡಿಸಿದವನಿಗೆ ನಮ್ಮ ಸಹೋದರನ ಮೇಲೆ ಹಗೆ ಇರಲಿಲ್ಲ. ಗುಂಡಿ ತೋಡಿದವನಿಗೂ ಎತ್ತಿನ ಮೇಲೆ ಹಗೆ ಇರಲಿಲ್ಲವಷ್ಟೇ. ಹಗೆ ಇಲ್ಲದಿರುವದರಿಂದ ಕ್ಷಮೆಯು ಸುಲಭವಾಗುವದು; ನಷ್ಟವು ಮಾತ್ರ ಕಡಿಮೆಯಾಗುವದಿಲ್ಲ. ಆದದರಿಂದ ಕ್ಷಮೆಯು ಮನುಷ್ಯನಿಗೆ, ಪರಿಹಾರವು ಗಾಯಕ್ಕೆ. ಒಂದನ್ನು ಕೊಟ್ಟವನು ಇನ್ನೊಂದನ್ನು ಕೇಳಬಾರದೆಂಬ ನಿಯಮವಿಲ್ಲ. ಕ್ಷಮೆಯನ್ನು ಪರಿಹಾರ ಸಿಕ್ಕುವ ವರೆಗೆ ತಡೆದಿಡುವದೂ ಸರಿಯಲ್ಲ, ಪರಿಹಾರವನ್ನು ಸೇಡಿನ ಆಯುಧವಾಗಿ ಹಿಡಿಯುವದೂ ಸರಿಯಲ್ಲ.

ಎರಡನೆಯ ಆಕ್ಷೇಪಣೆಯು: ಸಹೋದರನು ಸಹೋದರನ ಮೇಲೆ ವ್ಯಾಜ್ಯವಾಡಬಾರದೆಂಬ ಅಪೊಸ್ತಲನ ಮಾತು. ಇದು ಮೂರರಲ್ಲಿಯೂ ಭಾರವಾದದ್ದು. ಈ ಮಾತು ನಮ್ಮನ್ನು ತಡೆದು ನಿಲ್ಲಿಸಲೇ ಬೇಕು. ನಿಲ್ಲಿಸಿ, ಮೊದಲು ಸಹೋದರನ ಬಾಗಿಲಿಗೆ ಕಳುಹಿಸಬೇಕು. ಎದುರಾಳಿಯೊಡನೆ ದಾರಿಯಲ್ಲಿರುವಾಗಲೇ ಸಮಾಧಾನವಾಗೆಂದು ಕರ್ತನೂ ಹೇಳಿದ್ದಾನೆ (ಮತ್ತಾಯ ೫:೨೫). ಆದರೆ ಕೊರಿಂಥದಲ್ಲಿ ಪೌಲನು ಗದರಿಸಿದ್ದು ಯಾರನ್ನು? ಅನ್ಯಾಯಮಾಡಿದವರನ್ನೂ ಗದರಿಸಿದ್ದಾನೆ, ತಮ್ಮೊಳಗೆ ತೀರ್ಪುಮಾಡಬಲ್ಲ ಬುದ್ಧಿವಂತನು ಒಬ್ಬನಾದರೂ ಇಲ್ಲದ ಸಭೆಯನ್ನೂ ಗದರಿಸಿದ್ದಾನೆ. ಮುರಿದವನಿಗೆ ಮಾತ್ರ ಆ ಅಧ್ಯಾಯವನ್ನು ಓದಿ, ಮುರಿದು ಹೋದವನಿಗೆ ಓದದೆ ಬಿಡುವದು ಅರ್ಧ ವಾಕ್ಯವನ್ನು ಸಾರುವದಾಗಿದೆ. ನಾವು ಮಾಡಿದ್ದು ಅದನ್ನೇ. ಕಾರಿನ ಯಜಮಾನನ ಅಣ್ಣನಿಗೆ ನಾವು, ಅಯ್ಯಾ, ಈ ಹಣವು ಅವನ ನಷ್ಟಕ್ಕೆ ಸಮವೋ? ಎಂದು ಕೇಳಬೇಕಾಗಿತ್ತು. ಜಕ್ಕಾಯನ ಮನೆಗೆ ರಕ್ಷಣೆ ಬಂದ ದಿನ ಅವನು ಲೆಕ್ಕವನ್ನು ತಾನೇ ಎತ್ತಿದನು (ಲೂಕ ೧೯:೮); ಬಡವರಿಗೆ, ದೇವರಿಗೆ ಬಿಟ್ಟುಬಿಡಿರಿ ಎನ್ನಲಿಲ್ಲ. ಒನೇಸಿಮನಿಂದ ಫಿಲೆಮೋನನಿಗೆ ನಷ್ಟವಾಗಿದ್ದರೆ ಅದನ್ನು ತನ್ನ ಲೆಕ್ಕಕ್ಕೆ ಹಾಕೆಂದು ಪೌಲನು ಸ್ವಂತ ಕೈಯಿಂದ ಬರೆದುಕೊಟ್ಟನು (ಫಿಲೆಮೋನ ೧೮, ೧೯). ಸಭೆಯು ಪೂರ್ತಿ ನಷ್ಟವನ್ನು ತುಂಬಿಸಬಲ್ಲದಾದರೆ ನ್ಯಾಯಸ್ಥಾನದ ಮೆಟ್ಟಲು ಹತ್ತುವದು ಬೇಡವೇ ಬೇಡ.

ಆದರೆ ನಮ್ಮ ಬಡ ಸಭೆಗಳಿಂದ ಅದು ಆಗುವದಿಲ್ಲ. ಇಲ್ಲಿ ಇನ್ನೊಂದು ಸಂಗತಿಯನ್ನು ತಿಳಿಯಬೇಕು. ೧೯೮೮ನೆಯ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ, ದಾರಿಯಲ್ಲಿ ಹೋಗುವ ಪರರಿಗೆ ಆಗಬಹುದಾದ ಹಾನಿಗೋಸ್ಕರ ವಿಮೆ ಮಾಡಿಸದೆ ಯಾವ ವಾಹನವನ್ನೂ ಸಾರ್ವಜನಿಕ ರಸ್ತೆಯಲ್ಲಿ ಓಡಿಸಕೂಡದು. ವರುಷ ವರುಷವೂ ಯಜಮಾನನು ಕಟ್ಟುವ ಹಣವು ಇದಕ್ಕಾಗಿಯೇ. ವಾಹನಕ್ಕೆ ಕ್ರಮವಾದ ವಿಮೆಯಿದ್ದರೆ ನ್ಯಾಯಮಂಡಳಿಯು ಗೊತ್ತುಮಾಡುವ ಮೊತ್ತವನ್ನು ಸಾಮಾನ್ಯವಾಗಿ ವಿಮೆಯ ಕಂಪೆನಿಯೇ ಕೊಡುವದು. ಅರ್ಜಿಯಲ್ಲಿ ಸಹೋದರನ ಹೆಸರು ಇರುವದು ನಿಜ. ಆದರೆ ಅವನ ಮನೆಯ ರಾಗಿಯ ಚೀಲವನ್ನು ಯಾರೂ ಹೊರಗೆ ತರುವದಿಲ್ಲ. ಇದನ್ನು ಅವನ ಮನೆಗೆ ಹೋಗಿ ಮುಂಚಿತವಾಗಿ ತಿಳಿಸುವದು ಪ್ರೀತಿಯ ಕೆಲಸವಾಗಿದೆ. ವಿಮೆಯಿಲ್ಲದೆ ವಾಹನ ಓಡಿಸುವ ವಿಶ್ವಾಸಿಯು ಇದ್ದರೆ, ಅವನು ಮುಚ್ಚದ ಗುಂಡಿಯನ್ನು ರಸ್ತೆಯುದ್ದಕ್ಕೂ ಎಳೆದುಕೊಂಡು ಹೋಗುವವನೆಂದು ತಿಳಿಯಲಿ.

ಮೂರನೆಯ ಆಕ್ಷೇಪಣೆಯು: ಇದು ದೇವರ ಚಿತ್ತ; ಹಣ ಕೇಳುವದು ದುರಾಶೆ ಎಂಬದು. ಸ್ವಾಸ್ಥ್ಯದ ಪಾಲಿಗಾಗಿ ಬಂದವನಿಗೆ ಕರ್ತನು ಲೋಭದ ವಿಷಯ ಎಚ್ಚರಿಕೆ ಹೇಳಿದ್ದು ಸತ್ಯ (ಲೂಕ ೧೨:೧೩–೧೫). ಆದರೆ ಅದೇ ಸುವಾರ್ತೆಯಲ್ಲಿ, ದೇವರಿಗೆ ಹೆದರದ ನ್ಯಾಯಾಧಿಪತಿಯ ಬಾಗಿಲನ್ನು ಬಿಡದೆ ತಟ್ಟಿದ ವಿಧವೆಯನ್ನು ಆತನು ಪ್ರಾರ್ಥನೆಗೆ ಮಾದರಿಯಾಗಿ ಇಟ್ಟನು (ಲೂಕ ೧೮:೧–೮). ಆಕೆಯು ಲೋಭಿಯೆಂದು ಆತನು ಹೇಳಲಿಲ್ಲ. ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಪೆಟ್ಟುತಿಂದ ಪೌಲನು, ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡುವೆವೆಂದಾಗ ಸುಮ್ಮನೆ ಹೋಗದೆ ಅವರೇ ಬಂದು ಕರೆದುಕೊಂಡು ಹೋಗಲಿ ಎಂದನು (ಅಪೊಸ್ತಲರ ಕೃತ್ಯಗಳು ೧೬:೩೭). ಕೈಸರೈಯದಲ್ಲಿ ಕೈಸರನಿಗೇ ಮೊರೆಯಿಟ್ಟನು (೨೫:೧೧). ದೇಶದ ಕಾಯಿದೆಯು ಕೊಟ್ಟ ಆಶ್ರಯವನ್ನು ಉಪಯೋಗಿಸುವದರಿಂದ ಅವನ ನಂಬಿಕೆಯು ಕುಂದಲಿಲ್ಲ. ಹಾಗಾದರೆ ದುರಾಶೆಯು ಎಲ್ಲಿ ಆರಂಭವಾಗುವದು? ಕೇಳುವದರಲ್ಲಿ ಅಲ್ಲ, ಇದ್ದದ್ದಕ್ಕಿಂತ ಹೆಚ್ಚು ಕೇಳುವದರಲ್ಲಿ. ಆ ಮಾತಿಗೆ ಬರುವ ಮುಂಚೆ ಕಾಯಿದೆಯ ದಾರಿಯನ್ನು ಚಿಕ್ಕದಾಗಿ ತೋರಿಸುತ್ತೇವೆ. ಏಕೆಂದರೆ ತಿಳಿಯದೆ ಇರುವದರಿಂದಲೇ ಬಡವರು ದಲ್ಲಾಳಿಗಳ ಕೈಗೆ ಬೀಳುವರು.

ಅಪಘಾತದ ಪರಿಹಾರಕ್ಕಾಗಿ ಪ್ರತ್ಯೇಕ ನ್ಯಾಯಮಂಡಳಿಗಳು ೧೯೫೬ರ ತಿದ್ದುಪಡಿಯಿಂದ ನಮ್ಮ ದೇಶದಲ್ಲಿ ಉಂಟಾದವು. ಅಪಘಾತ ನಡೆದ ಸ್ಥಳದ ಮಂಡಳಿಗಾಗಲಿ, ಗಾಯಪಟ್ಟವನು ವಾಸಿಸುವ ಸ್ಥಳದ ಮಂಡಳಿಗಾಗಲಿ ಅರ್ಜಿ ಕೊಡಬಹುದು. ಬಡಿದ ಲಾರಿಯು ಕೇರಳದ್ದಾದರೂ ಗುಂಡ್ಲುಪೇಟೆಯವನು ಕೇರಳಕ್ಕೆ ಅಲೆಯಬೇಕಾದದ್ದಿಲ್ಲ. ಚಾಮರಾಜನಗರದ ನ್ಯಾಯಾಲಯವೇ ಅವನಿಗೆ ಸಾಕು. ೨೦೨೨ನೆಯ ಏಪ್ರಿಲ್ ಒಂದರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಮಿತಿಯನ್ನು ಕುರಿತ ವ್ಯಾಜ್ಯಗಳು ಸರ್ವೋಚ್ಚ ನ್ಯಾಯಾಲಯದ ಮುಂದೆ ಹೋಗಿವೆ. ಆದರೂ ಅವುಗಳನ್ನು ನಂಬಿ ತಡಮಾಡುವದು ಬುದ್ಧಿಯಲ್ಲ. ಚಾಲಕನ ತಪ್ಪನ್ನು ಸ್ಥಾಪಿಸದೆಯೇ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿಗಳನ್ನು ಪಡೆಯುವ ದಾರಿಯೊಂದು ಅದೇ ಕಾಯಿದೆಯ ೧೬೪ನೆಯ ಕಲಮಿನಲ್ಲಿ ಇದೆ. ಬಡಿದ ವಾಹನವು ಯಾವದೆಂದು ಗೊತ್ತಾಗದೆ ಹೋದರೆ, ತೀವ್ರ ಗಾಯಕ್ಕೆ ೫೦,೦೦೦ ರೂಪಾಯಿಗಳೂ ಮರಣಕ್ಕೆ ೨,೦೦,೦೦೦ ರೂಪಾಯಿಗಳೂ ಸರಕಾರದ ಯೋಜನೆಯಿಂದ ಕೊಡಲ್ಪಡುವವು. ೨೦೨೫ನೆಯ ಮೇ ತಿಂಗಳಿನಿಂದ, ಗಾಯಪಟ್ಟವನಿಗೆ ಏಳು ದಿನಗಳ ವರೆಗೆ ಒಂದೂವರೆ ಲಕ್ಷ ರೂಪಾಯಿಗಳಷ್ಟು ಚಿಕಿತ್ಸೆಯನ್ನು ಗೊತ್ತಾದ ಆಸ್ಪತ್ರೆಗಳಲ್ಲಿ ಹಣ ಕೇಳದೆ ಕೊಡುವ ಏರ್ಪಾಡೂ ಆಗಿದೆ.

ಕೂಲಿಯವನಿಗೆ ಸಂಬಳದ ಚೀಟಿ ಇಲ್ಲವಲ್ಲಾ, ಅವನ ಮಾತನ್ನು ಯಾರು ನಂಬುವರು? ಎಂದು ಕೆಲವರು ಎದೆಗುಂದುವರು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ನಮ್ಮ ಕರ್ನಾಟಕದ ಒಬ್ಬ ತರಕಾರಿ ವ್ಯಾಪಾರಿಯ ಮೊಕದ್ದಮೆಯು ಬಂದಿತ್ತು. ಅವನು ಅಪಘಾತದಲ್ಲಿ ಕಾಲನ್ನು ಕಳಕೊಂಡವನು. ಲೆಕ್ಕಪತ್ರಗಳಿಲ್ಲದಿದ್ದರೂ ಅವನು ತಿಂಗಳಿಗೆ ೬,೫೦೦ ರೂಪಾಯಿ ಸಂಪಾದಿಸುತ್ತಿದ್ದನೆಂಬದನ್ನು ನ್ಯಾಯಾಲಯವು ಒಪ್ಪಿಕೊಂಡಿತು. ಕಾಲಿನ ನಷ್ಟವನ್ನು ಬರೀ ಅಂಗದ ನಷ್ಟವೆಂದು ಎಣಿಸದೆ ಅವನ ಕೆಲಸಕ್ಕೆ ಆದ ನಷ್ಟವೆಂದು ಎಣಿಸಿತು. ಬರಹಗಾರನಿಗೆ ಕಾಲು ಕುಂಟಾದರೂ ಬರಹ ನಡೆಯುವದು. ಹೊರೆ ಹೊರುವವನಿಗೆ ಕಾಲು ಹೋದರೆ ಅನ್ನವೇ ಹೋಗುವದು. ಆದಕಾರಣ ಕೂಲಿಯವನು ಹೆದರದೆ ತನ್ನ ನಿಜವಾದ ಕೂಲಿಯನ್ನು ಹೇಳಲಿ.

ನಿಜವಾದದ್ದನ್ನು ಎಂದೆವು. ಇಲ್ಲಿಯೇ ಈ ಪತ್ರದ ಮುಖ್ಯ ಮಾತು. ಅನ್ಯಾಯವನ್ನು ತಾಳಿದವನಿಗೆ ಬರುವ ಶೋಧನೆಯು ಅನ್ಯಾಯ ಮಾಡಿದವನಿಗೆ ಬರುವ ಶೋಧನೆಗಿಂತ ಸೂಕ್ಷ್ಮವಾದದ್ದು. ನಾನು ನೊಂದವನು, ಆದದರಿಂದ ನನ್ನ ಸುಳ್ಳು ಸುಳ್ಳಲ್ಲ ಎಂದು ಮನಸ್ಸು ಒಳಗಿಂದ ಹೇಳುವದು. ಬಡಿದ ವಾಹನಕ್ಕೆ ವಿಮೆ ಇಲ್ಲದಿದ್ದರೆ ವಿಮೆಯಿರುವ ಬೇರೊಂದು ವಾಹನವನ್ನು ತೋರಿಸೋಣ. ತಾನೇ ಜಾರಿ ಬಿದ್ದದ್ದನ್ನು ಬಡಿದದ್ದೆಂದು ಬರೆಯಿಸೋಣ. ಕಾಣದವನನ್ನು ಕಂಡ ಸಾಕ್ಷಿಯಾಗಿ ನಿಲ್ಲಿಸೋಣ ಎನ್ನುವ ದಲ್ಲಾಳಿಗಳಿಗೆ ಕೊರತೆಯಿಲ್ಲ. ಉತ್ತರ ಪ್ರದೇಶದಲ್ಲಿ ಇಂಥ ಸುಳ್ಳು ಅರ್ಜಿಗಳನ್ನು ಹಾಕಿದ ವಕೀಲರ ವಿಷಯದಲ್ಲಿ ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಕಠಿಣವಾಗಿ ಮಾತಾಡಬೇಕಾಯಿತು. ಕಂಪೆನಿಯ ಹಣವಲ್ಲವೇ, ಯಾರ ಗಂಟೇನು ಹೋಗುವದು ಎನ್ನುವರು. ಹೋಗುವದು, ಸುಳ್ಳು ಗಾಯಗಳು ಹೆಚ್ಚಿದಷ್ಟೂ ನಿಜವಾದ ಗಾಯಗಳ ಮೇಲೆ ಸಂಶಯ ಹೆಚ್ಚುವದು. ನಾಳೆ ಬರುವ ಇನ್ನೊಬ್ಬ ಬಡವನ ಬಾಯಲ್ಲಿರುವ ಸತ್ಯದ ಬೆಲೆಯನ್ನು ಇಂದಿನ ಸುಳ್ಳುಗಾರನು ಕದಿಯುವನು.

ನಮ್ಮ ಸಹೋದರನಿಗೂ ಆ ಶೋಧನೆ ಬಂತು. ಅವನ ಗಾಯ ನಿಜ, ಕಾರು ನಿಜ, ಹಿಂದಿನಿಂದ ಬಡಿದದ್ದೂ ನಿಜ. ಒಂದೇ ಒಂದು ಕೊರತೆ: ಅವನ ಸೈಕಲ್ಲಿಗೆ ದೀಪವಿರಲಿಲ್ಲ, ಹಿಂದೆ ಹೊಳೆಯುವ ಕೆಂಪು ಬಿಲ್ಲೆಯೂ ಇರಲಿಲ್ಲ. ಸಾಕ್ಷಿ ಹೇಳುವ ದಿನದ ಹಿಂದಿನ ಸಂಜೆ, ಈ ಕೆಲಸಗಳಲ್ಲಿ ಓಡಾಡುವ ಒಬ್ಬನು ಬಂದು, “ಕೆಂಪು ಬಿಲ್ಲೆ ಇತ್ತು ಅಂದುಬಿಡು. ಎರಡೇ ಮಾತು. ಸೈಕಲ್ಲು ನುಗ್ಗಾಗಿ ಹೋಗಿದೆ, ಯಾರು ನೋಡುತ್ತಾರೆ?” ಎಂದನಂತೆ. ರಾತ್ರಿ ನಮ್ಮ ಸಹೋದರನು ಕೋಲೂರಿಕೊಂಡು ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ಅಯ್ಯನವರೇ, ನಾನು ಏನು ಹೇಳಲಿ?” ಎಂದನು.

ಉತ್ತರವು ನಮಗೆ ತಿಳಿದಿತ್ತು. ಆದರೂ ನಾಲಿಗೆ ಏಳಲಿಲ್ಲ. ಒಂದು ಸಾರಿ ನಾವು ವಾಕ್ಯವನ್ನೆತ್ತಿ ಅವನ ಖರ್ಚಿನಲ್ಲಿ ಧರ್ಮ ಮಾಡಿದ್ದೆವು. ಈಗ ಇನ್ನೊಂದು ಸಾರಿ ಅವನ ಖರ್ಚಿನಲ್ಲಿಯೇ ಸತ್ಯವಂತರಾಗಬೇಕೋ? ನಾವು ಹೇಳಿದ್ದು ಇಷ್ಟೇ: “ತಮ್ಮಾ, ಹಿಂದೆ ನಾನು ನಿನಗೆ ತಪ್ಪು ಹೇಳಿದೆನು. ಈಗ ಹೇಳುವದಕ್ಕೆ ನಾಚಿಕೆಯಾಗುತ್ತದೆ. ಆದರೆ ದೀಪ ಇರಲಿಲ್ಲವೆಂಬದು ನಿನಗೂ ಗೊತ್ತು, ದೇವರಿಗೂ ಗೊತ್ತು.” ನಾವಿಬ್ಬರೂ ಮೊಣಕಾಲೂರದೆ, ಅವನಿಗೆ ಊರಲಾಗದ್ದರಿಂದ ಕೂತಲ್ಲಿಯೇ, ಪ್ರಾರ್ಥಿಸಿದೆವು.

ಮಾರನೆಯ ದಿನ ಪಾಟೀಸವಾಲಿನಲ್ಲಿ ಕಂಪೆನಿಯ ವಕೀಲರು ನಾಲ್ವತ್ತು ದಿನಗಳ ತಡವನ್ನು ಎತ್ತಿ ಆಡಿದರು. ಆಮೇಲೆ, ಸೈಕಲ್ಲಿಗೆ ದೀಪವಾಗಲಿ ಕೆಂಪು ಬಿಲ್ಲೆಯಾಗಲಿ ಇತ್ತೋ? ಎಂದು ಕೇಳಿದರು. ಅವನು, “ಇರಲಿಲ್ಲ ಸ್ವಾಮೀ” ಎಂದನು. ತಡವೇಕೆಂದು ಕೇಳಿದ್ದಕ್ಕೂ, ನಮ್ಮ ಉಪದೇಶಿಯವರು ಸಮಾಧಾನವಾಗೆಂದು ಹೇಳಿದ್ದರೆಂಬ ನಿಜವನ್ನೇ ಹೇಳಿದನು. ಹಿಂದೆ ಬೆಂಚಿನ ಮೇಲೆ ಕೂತಿದ್ದ ನಾವು ತಲೆ ತಗ್ಗಿಸಿದೆವು.

೨೦೨೪ರಲ್ಲಿ ತೀರ್ಪಾಯಿತು. ತಪ್ಪಿನ ನಾಲ್ಕು ಪಾಲು ಕಾರಿನ ಚಾಲಕನದೆಂದೂ, ಕತ್ತಲೆಯಲ್ಲಿ ದೀಪವಿಲ್ಲದೆ ಬಂದದ್ದರಿಂದ ಐದನೆಯ ಒಂದು ಪಾಲು ಸೈಕಲ್ಲಿನವನದೆಂದೂ ಮಂಡಳಿಯು ನಿರ್ಣಯಿಸಿ, ಮೊತ್ತದಲ್ಲಿ ಆ ಪಾಲನ್ನು ಕಳೆಯಿತು. ಅವನ ಹೆಂಡತಿಯು ಬೆರಳು ಮಡಚಿ ಲೆಕ್ಕ ಹಾಕಿ, “ಒಂದು ಕರೆಯುವ ಹಸು ಹೋಯಿತು” ಎಂದಳು. ದಲ್ಲಾಳಿಯು ಊರಲ್ಲೆಲ್ಲಾ, ಎರಡು ಮಾತಿಗೆ ಒಂದು ಹಸು ಕಳಕೊಂಡ ಮೂಢನು ಎಂದು ನಗುತ್ತಾ ತಿರುಗಿದನು. ನಾವು ಇಲ್ಲಿ, ದೇವರು ಆ ಹಸುವನ್ನು ಬೇರೆ ದಾರಿಯಿಂದ ತಿರುಗಿ ಕೊಟ್ಟನೆಂದು ಬರೆಯುವದಿಲ್ಲ; ಯಾಕಂದರೆ ಹಾಗೆ ನಡೆಯಲಿಲ್ಲ. ಸತ್ಯಕ್ಕೆ ಕೂಲಿ ಕೈಮೇಲೆ ಸಿಕ್ಕುವದಾದರೆ ಎಲ್ಲರೂ ಸತ್ಯವನ್ನೇ ಹೇಳಿಯಾರು. ಆದರೆ ಉಳಿದ ನಾಲ್ಕು ಪಾಲಿನ ಒಂದೊಂದು ಕಾಸೂ ಅವನದೇ. ಅದರಲ್ಲಿ ಯಾವದನ್ನೂ ಅವನು ಮುಚ್ಚಿಡಬೇಕಾದದ್ದಿಲ್ಲ. ಅನನೀಯನೂ ಸಪ್ಫೈರಳೂ ಹೊಲವನ್ನು ಮಾರಿದ್ದು ಪಾಪವಲ್ಲ, ಹಣದಲ್ಲಿ ಪಾಲನ್ನು ಇಟ್ಟುಕೊಂಡದ್ದೂ ಪಾಪವಲ್ಲ. ಅರ್ಧವನ್ನು ಪೂರ್ತಿಯೆಂದದ್ದು ಪಾಪವಾಯಿತು (ಅಪೊಸ್ತಲರ ಕೃತ್ಯಗಳು ೫). ಮಗಳು ತಿರುಗಿ ಶಾಲೆಗೆ ಹೋಗುತ್ತಾಳೆ. ಮೊತ್ತದಲ್ಲಿ ಒಂದು ಭಾಗವು ಮಂಡಳಿಯ ಆಜ್ಞೆಯಂತೆ ಬ್ಯಾಂಕಿನಲ್ಲಿ ಠೇವಣಿಯಾಗಿದೆ. ಅವನು ಊರ ಬಾಗಿಲಲ್ಲಿ ಚಿಕ್ಕ ಪೆಟ್ಟಿಗೆ ಅಂಗಡಿಯನ್ನು ಇಟ್ಟಿದ್ದಾನೆ. ಕಾರಿನ ಯಜಮಾನನು ಬಹಳ ಕಾಲ ಮುಖ ತಿರುಗಿಸಿಕೊಂಡು ಹೋಗುತ್ತಿದ್ದನು. ಒಬ್ಬರ ಮನೆಗೆ ಒಬ್ಬರು ಹೋಗುವಷ್ಟು ಸ್ನೇಹವು ಇಂದಿಗೂ ಇಲ್ಲ. ಆದರೆ ಅಂಗಡಿಯ ಮುಂದೆ ನಿಂತು ಮಾತಾಡುವನು. ಇವನು ಇಷ್ಟು ದೀಪವಿತ್ತೆಂದು ಹೇಳದೆ ಹೋದದ್ದನ್ನು ಅವನೂ ಕೇಳಿದ್ದಾನೆ.

ಇನ್ನು ಸಭೆಗಳಿಗೆ ಕೆಲವು ಮಾತುಗಳು. ಅಪಘಾತವಾದಾಗ ಪ್ರಾರ್ಥನೆ ಮಾತ್ರ ಸಾಲದು. ಗಾಯಪಟ್ಟವನನ್ನು ಎತ್ತಿ ಆಸ್ಪತ್ರೆಗೆ ಒಯ್ಯಿರಿ. ಹಾಗೆ ಒಯ್ದವನಿಗೆ ೨೦೧೯ರ ತಿದ್ದುಪಡಿಯಲ್ಲಿ ಕಾಯಿದೆಯ ರಕ್ಷಣೆಯು ಕೊಡಲ್ಪಟ್ಟಿದೆ. ಅದೇ ದಿನ, ತಪ್ಪಿದರೆ ಮಾರನೆಯ ದಿನ, ಠಾಣೆಯಲ್ಲಿ ದೂರು ಕೊಡಿಸಿ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ತೆಗೆದುಕೊಳ್ಳಿರಿ. ವಾಹನದ ಸಂಖ್ಯೆಯನ್ನು ಬರೆದಿಡಿರಿ. ಗಾಯದ ಪ್ರಮಾಣಪತ್ರ, ಔಷಧದ ರಶೀತಿ, ಗಾಡಿಯ ಬಾಡಿಗೆ ಚೀಟಿ ಇವನ್ನು ಸತ್ಯವೇದದ ಹಾಗೆ ಜೋಪಾನಮಾಡಿರಿ. ಬರೆದದ್ದನ್ನು ಓದಿಸಿ ತಿಳುಕೊಳ್ಳದೆ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ. ಚಾಮರಾಜನಗರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ೧೯೮೭ರ ಕಾಯಿದೆಯ ಪ್ರಕಾರ ಸ್ತ್ರೀಯರಿಗೂ ಅಂಗವಿಕಲರಿಗೂ ವರಮಾನ ಕಡಿಮೆಯಿರುವವರಿಗೂ ವಕೀಲರ ಸಹಾಯವು ಅಲ್ಲಿ ಧರ್ಮಾರ್ಥವಾಗಿ ಸಿಕ್ಕುವದು. ಲೋಕ ಅದಾಲತ್ತಿನಲ್ಲಿ ರಾಜಿಯಾಗುವದಕ್ಕೂ ದಾರಿಯಿದೆ. ಮೊತ್ತವು ನ್ಯಾಯವಾಗಿದ್ದರೆ ಅದು ದಾರಿಯಲ್ಲಿ ಸಮಾಧಾನವಾಗುವದಕ್ಕೆ ಸಮಾನವು. ವಾಯಿದೆಯ ದಿನ ಗಾಯಪಟ್ಟವನನ್ನು ಒಂಟಿಯಾಗಿ ಕಳುಹಿಸಬೇಡಿರಿ. ಸಭೆಯ ಒಬ್ಬ ಹಿರಿಯನು ಜೊತೆಗೆ ಹೋಗಲಿ. ತೀರ್ಪಿಗೆ ವರುಷಗಳು ಹಿಡಿಯಬಹುದು. ಅಷ್ಟು ದಿನ ಆ ಮನೆಯ ಒಲೆ ಆರದಂತೆ ನೋಡಿಕೊಳ್ಳಿರಿ. ಸಮಾರ್ಯದವನು ಎಣ್ಣೆ ಹೊಯ್ದು ಹೋಗಿಬಿಡಲಿಲ್ಲ. ಎರಡು ನಾಣ್ಯಗಳನ್ನು ಕೊಟ್ಟು, ಹೆಚ್ಚಾದದ್ದನ್ನು ತಿರುಗಿ ಬಂದು ತೀರಿಸುವೆನೆಂದನು (ಲೂಕ ೧೦:೩೫). ತಿರುಗಿ ಬರುವದೇ ಕಷ್ಟವಾದ ಪ್ರೀತಿಯು.

ಕಡೆಯದಾಗಿ, ಸೈಕಲ್ಲಿನವರೇ, ನಿಮಗೂ ಒಂದು ಮಾತು. ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿಗೋಡೆಯನ್ನು ಕಟ್ಟಿಸಬೇಕೆಂದು ದೇವರು ಆಜ್ಞಾಪಿಸಿದನು (ಧರ್ಮೋಪದೇಶಕಾಂಡ ೨೨:೮). ಬೀಳಬಹುದಾದವನನ್ನು ಮುಂ��ಿತವಾಗಿ ನೆನಸುವದು ಪ್ರೀತಿಯ ಧರ್ಮವಾಗಿದೆ. ಸೈಕಲ್ಲಿನ ದೀಪವೂ ಹಿಂದಿನ ಕೆಂಪು ಬಿಲ್ಲೆಯೂ ನಮ್ಮ ಕಾಲದ ಕೈಪಿಡಿಗೋಡೆಗಳು. ಅವು ನಮ್ಮ ಜೀವವನ್ನೂ, ನಮ್ಮನ್ನು ಕೊಂದೆನೆಂಬ ಭಾರದಿಂದ ಇನ್ನೊಬ್ಬನ ಮನಸ್ಸನ್ನೂ ಕಾಯುವವು. ಬಿಲ್ಲೆಯ ಬೆಲೆ ಬಹಳವಾಗಿಲ್ಲ. ಹಿಂದಿನ ಸುಗ್ಗಿಯ ಹಬ್ಬದ ಕಾಣಿಕೆಯಿಂದ ನಮ್ಮ ಸಭೆಯವರು ಒಂದಿಷ್ಟು ಕೆಂಪು ಬಿಲ್ಲೆಗಳನ್ನು ಕೊಂಡು ಸಭೆಯ ಸೈಕಲ್ಲುಗಳಿಗೆಲ್ಲಾ ಹಚ್ಚಿದರು. ಮೊದಲನೆಯದನ್ನು ಹಚ್ಚಿದವನು ಆ ಕುಂಟುಗಾಲಿನ ಸಹೋದರನೇ.

ಕೇಳಬೇಕಾದದ್ದನ್ನು ನಾಚದೆ ಕೇಳುವದಕ್ಕೂ, ಕ್ಷಮಿಸಬೇಕಾದವನನ್ನು ತಡೆಯದೆ ಕ್ಷಮಿಸುವದಕ್ಕೂ, ನಷ್ಟವಾದಾಗಲೂ ಇದ್ದದ್ದನ್ನು ಇದ್ದಂತೆ ಹೇಳುವದಕ್ಕೂ ಕರ್ತನು ನಮ್ಮೆಲ್ಲರಿಗೆ ಬಲವನ್ನು ಅನುಗ್ರಹಿಸಲಿ. ಆಮೆನ್.